ಶನಿವಾರದ ಕಾಡು

ನಮ್ಮಜ್ಜಿಗೆ ಕೊನೆಗಾಲದಲ್ಲಿ ಬುದ್ಧಿ ಸ್ತಿಮಿತದಲ್ಲಿರಲಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಪ್ಪ ಡಾಕ್ಟರಾಗಿ ನಂಬಿದರು, ಅಮ್ಮ ಸೊಸೆಯಾಗಿ ನಂಬಿದಳು, ಅಪ್ಪನ ತಂಗಿ, ಮೈಸೂರಿನ ಅತ್ತೆ, ನಂಬಿದ್ದಷ್ಟೇ ಅಲ್ಲ, ಅದಕ್ಕೆ ತಕ್ಕ ಹಾಗೆ ನಡೆದುಕೊಂಡಳು. ಅದು ಸುಳ್ಳು. ಅಜ್ಜಿಯ ತಲೆ ಚೆನ್ನಾಗಿಯೇ ಇತ್ತು. ಆ ಸುಳ್ಳನ್ನು ಹುಟ್ಟಿಸಿದವಳು ನಾನು, ಆಗ ನನಗೆ ಹತ್ತು ವರ್ಷ. ಹತ್ತು ವರ್ಷದ ಮಗು ತಿಳಿಯದೆ ಮಾಡಿತು ಎಂದು ಯಾರಾದರೂ ಸಮಾಧಾನ ಹೇಳಬಹುದು. ಬೇಡ. ನನಗೆ ಚೆನ್ನಾಗಿ ತಿಳಿದಿತ್ತು. ಆಮೇಲೆ ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತೂ ದಾಟಿತು. ಆಗಲೂ ತಿಳಿದಿತ್ತು, ಆಗಲೂ ಬಾಯಿ ಬಿಡಲಿಲ್ಲ.

ಐರ್ಲೆಂಡಿನ ಡ್ರೋಹೆಡಾದಲ್ಲಿ ನಾವಿದ್ದದ್ದು ಒಂದೇ ಅಚ್ಚಿನಲ್ಲಿ ತೆಗೆದ ಮನೆಗಳ ಸಾಲಿನಲ್ಲಿ. ಅಪ್ಪ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು, ಅಮ್ಮ ಅಲ್ಲಿಯೇ ಲ್ಯಾಬಿನಲ್ಲಿ. ಕೆಳಗೆ ಟೀವಿ ಇದ್ದ ಮುಂದಿನ ಕೋಣೆ, ಅದರ ಹಿಂದೆ ಅಡುಗೆಮನೆ. ಹದಿಮೂರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆಗಳು, ಬಚ್ಚಲು, ಬಚ್ಚಲಿನ ಪಕ್ಕಕ್ಕೆ ಹಾಟ್ ಪ್ರೆಸ್. ಹಾಟ್ ಪ್ರೆಸ್ ಎಂದರೆ ಬೀರುವಿನಂಥ ಒಂದು ಗೂಡು. ಅದರೊಳಗೆ ಕೆಂಪು ಹೊದಿಕೆ ಹೊದ್ದುಕೊಂಡ ತಾಮ್ರದ ಹಂಡೆ, ಹಂಡೆಯ ಮೇಲೆ ಟವೆಲ್ಲು ಬಟ್ಟೆ ಬೆಚ್ಚಗಿಡುವ ಹಲಗೆಗಳು. ಹಂಡೆಯ ನೀರು ಕಾಯಿಸುವ ಸ್ವಿಚ್ಚು ಹೊರಗೆ ಗೋಡೆಯ ಮೇಲೆ. ಅದಕ್ಕೆ ಇಮ್ಮರ್ಶನ್ ಎನ್ನುತ್ತಾರೆ. ಐರ್ಲೆಂಡಿನ ಸಂಸಾರಗಳಲ್ಲಿ ನಡೆಯುವ ಅರ್ಧಕ್ಕರ್ಧ ಜಗಳ ಈ ಸ್ವಿಚ್ಚಿನದು. ಆ ವಿಷಯದಲ್ಲಿ ನಾವು ಅಪ್ಪಟ ಐರಿಷರು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಅಪ್ಪ ಮತ್ತೆ ಇಳಿದು ಬಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು:

"ಇಮ್ಮರ್ಶನ್ ಆಫ್ ಮಾಡಿದ್ರಾ ಯಾರಾದ್ರೂ?"

ತಾತ ತೀರಿಕೊಂಡ ವರ್ಷ ಅಪ್ಪ ಮೈಸೂರಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದರು. ಬಂದ ದಿನವೇ ಅಜ್ಜಿ ಮನೆಯನ್ನೆಲ್ಲ ಸುತ್ತಿ, ಕಿಟಕಿಗಳನ್ನು ಮುಟ್ಟಿ ನೋಡಿ, ಹಾಟ್ ಪ್ರೆಸ್ಸಿನ ಬಾಗಿಲು ತೆರೆದು ಒಳಗೆ ಕೈಯಿಟ್ಟಳು. ಅವಳ ಮುಖ ಅರಳಿತು. ದೇವರಿಗೆ ಈ ಮನೆಯಲ್ಲಿ ಇದೊಂದೇ ಜಾಗ ಎಂದು ತೀರ್ಮಾನಿಸಿ, ಟವೆಲ್ಲುಗಳನ್ನು ಕೆಳಗಿನ ಹಲಗೆಗೆ ತಳ್ಳಿ, ಸೀರೆಯ ಗಂಟಿನಲ್ಲಿ ತಂದಿದ್ದ ಹಿತ್ತಾಳೆಯ ಶ್ರೀನಿವಾಸನನ್ನೂ ಅಂಗೈಯಗಲದ ಹನುಮಂತನನ್ನೂ ಮೇಲೆ ಕೂರಿಸಿದಳು. ಅಮ್ಮ ಓಡಿ ಬಂದಳು.

"ಅತ್ತೆ, ಅಲ್ಲಿ ದೀಪ ಹಚ್ಚಬೇಡಿ. ಟವೆಲ್ ಹತ್ಕೊಂಡ್ರೆ ಮನೇನೇ ಹೋಗತ್ತೆ."

"ಮತ್ತೆ ಆ ಅಡುಗೆಮನೆ ಕಿಟಕೀಲಿ ಇಡ್ಲಾ? ನಂಗೇ ಅಲ್ಲಿ ಹಲ್ಲು ಕಟಕಟ ಅನ್ನತ್ತೆ. ದೇವ್ರಿಗೆ ಛಳಿ ಆಗಲ್ವೇನಮ್ಮ?"

ಒಂದು ವಾರ ಮುಖ ತಿರುಗಿಸಿಕೊಂಡು ಓಡಾಡಿದ ಮೇಲೆ ರಾಜಿಯಾಯಿತು. ದೇವರು ಹಾಟ್ ಪ್ರೆಸ್ಸಿನ ಒಳಗೆ, ದೀಪ ಹೊರಗೆ ಸ್ಟೀಲಿನ ತಟ್ಟೆಯ ಮೇಲೆ. ಇನ್ನೊಂದು ಏರ್ಪಾಡೂ ಆಯಿತು. ಸ್ವಿಚ್ಚಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಕಡೆ ಸಿಂಕ್, ಇನ್ನೊಂದು ಕಡೆ ಬಾತ್ ಎಂದು ಬರೆದಿತ್ತು; ಅಜ್ಜಿಗೆ ಇಂಗ್ಲಿಷು ಬಾರದು, ಬಲಗಣ್ಣಿಗೆ ಪೊರೆ ಬೇರೆ. ಆದ್ದರಿಂದ ಅವಳ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಇಮ್ಮರ್ಶನ್ ಹಾಕುವುದು ನನ್ನ ಕೆಲಸ. ಅದಕ್ಕೆ ಪ್ರತಿಯಾಗಿ ಅಜ್ಜಿ ನನಗೆ ಕನ್ನಡ ಓದಲು ಕಲಿಸಿದಳು. ಕಲಿಸಿದ್ದಕ್ಕೂ ಕಾರಣವಿತ್ತು. ಅವಳ ಕಿರಿಯ ಮಗ, ನಮ್ಮ ಶೀನ ಚಿಕ್ಕಪ್ಪ, ಸೈನ್ಯದಲ್ಲಿದ್ದ. ಆಗ ಅವನನ್ನು ಶಾಂತಿಪಡೆಯ ಜೊತೆ ಲಂಕೆಯ ಕಾಡಿಗೆ ಕಳಿಸಿದ್ದರು. ಅವನ ಕಾಗದ ಮೈಸೂರಿನ ಅತ್ತೆಗೆ ಬಂದು, ಅಲ್ಲಿಂದ ನಮಗೆ ಬರುವಷ್ಟರಲ್ಲಿ ಹಳಸಿ ಹೋಗಿರುತ್ತಿತ್ತು. ಅದರ ಸಣ್ಣ ಅಕ್ಷರ ಅವಳ ಕಣ್ಣಿಗೆ ಹತ್ತುತ್ತಿರಲಿಲ್ಲ; ಅದನ್ನು ಎಷ್ಟು ಸಲ ಕೇಳಿದರೂ ಬೇಸರಿಸದೆ ಓದಿ ಹೇಳಲು ಅಜ್ಜಿಗೆ ಒಬ್ಬರು ಬೇಕಿತ್ತು. ಅಪ್ಪ ಅಮ್ಮನಿಗೆ ಪುರುಸೊತ್ತಿರಲಿಲ್ಲ. ಅಜ್ಜಿಯ ಎದುರಿಗೆ ಇಂಗ್ಲಿಷು ಆಡಕೂಡದು ಎಂದು ಅಪ್ಪ ಒಂದು ನಿಯಮ ಮಾಡಿದ್ದರು, ಅದನ್ನು ನಾನು ಪಾಲಿಸುತ್ತಿದ್ದೆ. ಇವತ್ತು ಈ ಸಾಲುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅದು ಅಜ್ಜಿಯಿಂದ ಬಂದದ್ದು. ಅವಳು ಕೊಟ್ಟದ್ದನ್ನು ನಾನು ಹೇಗೆ ಬಳಸಿದೆ ಎಂಬುದೇ ಈ ಅಧ್ಯಾಯ.

ಶಾಲೆಯಲ್ಲಿ ಹುಡುಗಿಯರು ಹಗ್ಗದಾಟಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹುಡುಗರು ಯುದ್ಧ ಆಡುತ್ತಿದ್ದರು, ಅವರಿಗೆ ಶತ್ರು ಬೇಕಿತ್ತು. ಡೆಕ್ಲನ್ ಎಂಬವನು ನನ್ನ ಮೈಬಣ್ಣ ನೋಡಿ, ನೀನು ಕಾಡಿನವಳು, ನೀನು ಸಾಯಬೇಕು ಎಂದು ಪಾತ್ರ ಕೊಟ್ಟ. ನಾನು ಕುಣಿದುಕೊಂಡು ಒಪ್ಪಿಕೊಂಡೆ. ದಿನಕ್ಕೆ ನಾಲ್ಕು ಸಲ ಸಾಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವರ ಆಟಗಳೆಲ್ಲ ಕಾಡಿನ ಯುದ್ಧದ ವಿಡಿಯೋಗಳಿಂದ ಬಂದದ್ದು; ಆದರೆ ಮನೆಯಲ್ಲಿ ಬಿಡದ ಕಾರಣ ಅವರಲ್ಲಿ ಯಾರೂ ಒಂದನ್ನೂ ಪೂರ್ತಿ ನೋಡಿರಲಿಲ್ಲ, ಬರೀ ಡಬ್ಬದ ಮೇಲಿನ ಚಿತ್ರ ನೋಡಿದ್ದರು. ನಾನು ನೋಡಿ ಬಂದು ಕಥೆ ಹೇಳಿದರೆ? ನೋರಾ ಎಂಬಾಕೆಯ ದಿನಸಿ ಅಂಗಡಿಯಲ್ಲಿ, ಹಿಂದುಗಡೆ ಆಲೂಗಡ್ಡೆ ಮೂಟೆಗಳ ಆಚೆ, ಬಾಡಿಗೆಗೆ ಕೊಡುವ ವಿಡಿಯೋ ಕ್ಯಾಸೆಟ್ಟುಗಳ ಕಪಾಟಿತ್ತು. ದೊಡ್ಡವರು ಜೊತೆಗಿಲ್ಲದೆ ಆಕೆ ಅಂಥವನ್ನು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಶನಿವಾರ ಅಪ್ಪ ಅಮ್ಮ ಇಬ್ಬರಿಗೂ ಡ್ಯೂಟಿ. ಮನೆಯಲ್ಲಿದ್ದ ದೊಡ್ಡವಳು ಅಜ್ಜಿ ಒಬ್ಬಳೇ.

ಮೊದಲ ಸಲ ಏನೋ ಪುಸಲಾಯಿಸಿ ಕರೆದುಕೊಂಡು ಹೋದೆ. ಅಜ್ಜಿ ಒಂಬತ್ತು ಗಜದ ಸೀರೆಯ ಮೇಲೆ ಅಪ್ಪನ ಕೋಟು ಹಾಕಿ, ಉಣ್ಣೆಯ ಸಾಕ್ಸಿನ ಮೇಲೆ ಚಪ್ಪಲಿ ಮೆಟ್ಟಿಕೊಂಡು ಬಂದಳು. ಬೀದಿಯವರು ನೋಡುತ್ತಿದ್ದರು. ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ, ನನಗೂ ಅವಳಿಗೂ ಸಂಬಂಧವಿಲ್ಲ ಎನ್ನುವ ಹಾಗೆ. ಅಂಗಡಿಯೊಳಗೆ ಹೋದ ಮೇಲೆ ಮಾತ್ರ ಕೈ ಹಿಡಿದುಕೊಂಡೆ, ಅಲ್ಲಿ ಅವಳು ಬೇಕಿತ್ತಲ್ಲ. ನೋರಾ ಅಜ್ಜಿಯನ್ನೂ ನನ್ನ ಕೈಯಲ್ಲಿದ್ದ ಕ್ಯಾಸೆಟ್ಟನ್ನೂ ಎರಡೆರಡು ಸಲ ನೋಡಿ, ಅಜ್ಜಿ ನಕ್ಕಿದ್ದಕ್ಕೆ ತಾನೂ ನಕ್ಕು, "ಗ್ರ್ಯಾಂಡ್, ಮಿಸೆಸ್, ಗ್ರ್ಯಾಂಡ್," ಎಂದಳು. ಎಲ್ಲ ಸರಿಯಾಗಿದೆ ಎನ್ನಲು ಐರಿಷರು ಬಳಸುವ ಆ ಶಬ್ದ ಅಜ್ಜಿಗೆ ಬಹಳ ಹಿಡಿಸಿತು. ಮೈಸೂರಿನ ಅತ್ತೆ ಫೋನಿನಲ್ಲಿ ಹೇಗಿದ್ದೀಯಮ್ಮ ಎಂದು ಕೇಳಿದರೆ "ಗ್ರ್ಯಾಂಡ್ ಆಗಿದೀನಿ ಕಣೇ," ಎನ್ನಲು ಶುರುಮಾಡಿದಳು.

ಆ ಸಿನಿಮಾಗಳು ಎಂಥವೆಂದು ಹೇಳಬೇಕು. ಅವನ್ನು ಅಮೆರಿಕದವೆಂದು ನಾನು ತಿಳಿದಿದ್ದೆ. ಈಚೆಗೆ, ಈಗ ನಾನು ಕೆಲಸ ಮಾಡುವ ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಒಂದೊಂದಾಗಿ ಹುಡುಕಿ ನೋಡಿದಾಗ ಗೊತ್ತಾಯಿತು, ಎಲ್ಲ ಇಟಲಿಯವರು ಕೈಯಲ್ಲಿ ಕಾಸಿಲ್ಲದೆ ಫಿಲಿಪೈನ್ಸಿನ ಕಾಡಿಗೆ ಹೋಗಿ ತೆಗೆದವು. ಇಟಲಿಯ ನಟರಿಗೆ ಅಮೆರಿಕದ ಹೆಸರು. ತುಟಿ ಒಂದು ಹೇಳಿದರೆ ಮಾತು ಇನ್ನೊಂದು ಹೇಳುತ್ತಿತ್ತು. ಡಬ್ಬದ ಮೇಲೆ ಆರು ಹೆಲಿಕಾಪ್ಟರ್, ಒಳಗೆ ಒಂದು, ಅದೂ ಹಾರುವುದಕ್ಕಿಂತ ನಿಂತಿರುವುದೇ ಹೆಚ್ಚು. ಬಿದಿರಿನ ಗುಡಿಸಲು, ಬಿದಿರಿನ ಕಾವಲು ಗೋಪುರ, ಹೊಳೆಗೊಂದು ಸೇತುವೆ. ಕೊನೆಗೆ ಎಲ್ಲವೂ ಢಮ್. ಮುಂದಿನ ಸಿನಿಮಾದಲ್ಲಿ ಅದೇ ಹೊಳೆ, ಅದೇ ಸೇತುವೆ, ಮತ್ತೆ ಢಮ್.

ಮೊದಲ ಶನಿವಾರ ಅಜ್ಜಿ ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ಶನಿವಾರ ಅವಳಿಗೆ ಒಪ್ಪತ್ತು, ಅನ್ನ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಸ್ವಲ್ಪ ಉಪ್ಪಿಟ್ಟು ಮಾಡಿಕೊಂಡು ತಿನ್ನುತ್ತಿದ್ದಳು. ಅರ್ಧ ಸಿನಿಮಾ ಆದಮೇಲೆ ಮೆಲ್ಲಗೆ ಕೇಳಿದಳು:

"ನಮ್ಮ ಶೀನ ಇರೋ ಕಾಡೂ ಹೀಗೇ ಇರತ್ತೇನೇ ಪುಟ್ಟಿ?"

ಮುಂದಿನ ಶನಿವಾರ ಈ ಚಳಿಯಲ್ಲಿ ಅವಳು ಮತ್ತೆ ಬರುತ್ತಾಳೋ ಇಲ್ಲವೋ ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

"ಹೀಗೇ ಅಲ್ಲ ಅಜ್ಜಿ," ಎಂದೆ. "ಇದೇ."

ಅಜ್ಜಿ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡಳು. ಮಿಲಿಟರಿಯವರೇ ತೆಗೆದು ಕಳಿಸುತ್ತಾರೆ, ಗುಟ್ಟಿನದು, ಅಪ್ಪ ಅಮ್ಮನಿಗೆ ಹೇಳಬಾರದು ಎಂದೆ. ಅವಳೇನು ಎಲ್ಲವನ್ನೂ ಕಣ್ಣುಮುಚ್ಚಿ ನಂಬುವವಳಲ್ಲ. ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿದಳು.

"ಇವ್ರೆಲ್ಲ ಬಿಳಿಯರಲ್ವೇನೇ?"

"ಅವ್ರು ಆಫೀಸರ್‌ಗಳು ಅಜ್ಜಿ. ನಮ್ಮೋರು ಹಿಂದೆ ಬರ್ತಿದಾರೆ."

ಅಜ್ಜಿ ಹುಡುಗಿಯಾಗಿದ್ದಾಗ ದಂಡಿನ ಆಫೀಸರುಗಳೆಲ್ಲ ಬಿಳಿಯರೇ. ಅವಳಿಗೆ ಅದು ಸರಿಯೆನಿಸಿತು. ಅಂದಿನಿಂದ ಅವಳು ಹಿಂದೆ ಬರುತ್ತಿದ್ದವರನ್ನು ಹುಡುಕತೊಡಗಿದಳು. ಪ್ರತಿ ಶನಿವಾರ ಬೆಳಿಗ್ಗೆ ನಾನು ಇಮ್ಮರ್ಶನ್ ಹಾಕಬೇಕು. ಅವಳು ತಲೆಗೆ ಸ್ನಾನ ಮಾಡಿ, ಹಾಟ್ ಪ್ರೆಸ್ಸಿನ ದೇವರಿಗೆ ದೀಪ ಹಚ್ಚಿ, ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವಳು. ಇನ್ನು ಪುಸಲಾಯಿಸುವ ಅಗತ್ಯವೇ ಇರಲಿಲ್ಲ. ಉಪ್ಪಿಟ್ಟು ಮಾಡಿ ಮುಚ್ಚಿಟ್ಟಿರುತ್ತಿದ್ದಳು, ಕ್ಯಾಸೆಟ್ಟು ಮುಗಿಯುವ ತನಕ ಮುಟ್ಟುತ್ತಿರಲಿಲ್ಲ. ಒಳ್ಳೆಯ ಎಡಗಣ್ಣನ್ನು ಟೀವಿಯ ಕಡೆ ಮಾಡಿ, ಕತ್ತು ವಾಲಿಸಿ ಕೂತು, ಎಲೆಗಳ ಸಂದಿಯಲ್ಲಿ ಯಾರಾದರೂ ಅಲ್ಲಾಡಿದರೆ "ನಿಲ್ಸು, ನಿಲ್ಸು," ಎನ್ನುವಳು. ನಾನು ನಿಲ್ಲಿಸುತ್ತಿದ್ದೆ. ನಿಂತ ಚಿತ್ರದಲ್ಲಿ ಗೆರೆಗಳು ನಡುಗುತ್ತಿದ್ದವು. ಶೀನನಲ್ಲ ಎಂದು ಅವಳೇ ನೋಡಿ ತೀರ್ಮಾನಿಸಿ "ಹೂಂ, ಬಿಡು," ಎನ್ನುವಳು. ಸೋಮವಾರ ಆಟದ ಬಯಲಿನಲ್ಲಿ ಡೆಕ್ಲನ್ ಮತ್ತು ಉಳಿದ ಹುಡುಗರು ನನ್ನ ಸುತ್ತ ನೆಲದ ಮೇಲೆ ಕೂತು ಕಥೆ ಕೇಳುತ್ತಿದ್ದರು.

ಅಜ್ಜಿಯ ಕಣ್ಣು ಒಂದಾದರೂ ನನಗಿಂತ ಚುರುಕು.

"ಈ ಸೇತುವೆ ಹೋದ್ವಾರ ಸುಟ್ಟು ಹೋಗಿತ್ತಲ್ಲೇ. ಅಷ್ಟ್ರಲ್ಲಿ ಕಟ್ಬಿಟ್ರಾ?"

"ಮಿಲಿಟರಿಯೋರು ಬೇಗ ಕಟ್ತಾರೆ ಅಜ್ಜಿ."

ಆ ಸಿನಿಮಾಗಳಲ್ಲಿ ಒಬ್ಬನಿದ್ದ. ಸಣಕಲು, ಕಪ್ಪಗೆ, ಮೂಲೆಯಲ್ಲಿ ಕೋವಿ ಹಿಡಿದು ನಿಲ್ಲುವವನು. ಮಾತಿಲ್ಲ, ಹೆಸರಿಲ್ಲ, ಸಾಯುವುದಷ್ಟೇ ಕೆಲಸ. ಗುಂಡು ತಗುಲಿದರೆ ಉಳಿದವರು ಧೊಪ್ಪನೆ ಬೀಳುತ್ತಿದ್ದರು. ಇವನು ಎರಡೂ ಕೈಯೆತ್ತಿ ಒಂದು ಸುತ್ತು ಸುತ್ತಿ ಆಮೇಲೆ ಬೀಳುತ್ತಿದ್ದ. ಅಜ್ಜಿ ಅವನಿಗೆ ಬುಗುರಿ ಎಂದು ಹೆಸರಿಟ್ಟಳು. ನೋಡಲು ನಮ್ಮ ಕಡೆಯವನಂತೆಯೇ ಇದ್ದಾನೆ, ಇವನು ಯಾರ ಕಡೆ ಎಂದಳು. ಅವನು ಶತ್ರುವಿನ ಕಡೆಯವನು. ನಾನು ನಮ್ಮ ಕಡೆ ಎಂದೆ. ಅವನು ಮೊದಲ ಸಲ ಸತ್ತ ದಿನ ಅಜ್ಜಿ ಉಪ್ಪಿಟ್ಟು ತಿನ್ನಲಿಲ್ಲ, ಇವನ ತಾಯಿಗೆ ಯಾರು ಹೇಳ್ತಾರೋ ಎಂದು ಕಣ್ಣೊರೆಸಿಕೊಂಡಳು. ಅಜ್ಜಿಗೆ ದುಃಖವಾಯಿತಲ್ಲ ಎಂದು ನನಗೆ ಅನಿಸಲಿಲ್ಲ, ಮುಂದಿನ ವಾರ ಅಂಗಡಿಗೆ ಬರದಿದ್ದರೆ ಏನು ಗತಿ ಎಂದು ಭಯವಾಯಿತು. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ. ಆದರೆ ಮುಂದಿನ ವಾರ ಬುಗುರಿ ಬೇರೆ ಟೋಪಿ ಹಾಕಿಕೊಂಡು ಹೊಳೆ ದಾಟಿ ಬಂದ.

"ಅಯ್ಯೋ! ಇವ್ನು ಹೋದ್ವಾರ ಸತ್ತಿದ್ನಲ್ಲೇ?"

"ಇಲ್ಲ ಅಜ್ಜಿ, ಗಾಯ ಆಗಿತ್ತು ಅಷ್ಟೆ. ಅಲ್ಲೂ ಅಪ್ಪನ ಥರ ಡಾಕ್ಟರ್‌ಗಳು ಇರ್ತಾರೆ, ವಾಸಿ ಮಾಡ್ತಾರೆ."

"ಹಾಗಾದ್ರೆ ಕಾಡಲ್ಲಿ ಬಿದ್ದೋರೆಲ್ಲ ಸಾಯಲ್ಲ ಅನ್ನು."

"ಯಾರೂ ಸಾಯಲ್ಲ ಅಜ್ಜಿ."

ಅಜ್ಜಿ ನನ್ನ ಕೆನ್ನೆ ಹಿಂಡಿ ಮುತ್ತು ಕೊಟ್ಟಳು. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದೆವು. ಆ ಚಳಿಗಾಲವೆಲ್ಲ ಬುಗುರಿ ಸಾಯುತ್ತ, ಬದುಕುತ್ತ, ಬರುತ್ತ ಇದ್ದ, ಅಜ್ಜಿಯೂ ಗೆಲುವಾಗಿದ್ದಳು. ಅಂಥ ಸಂತೋಷವನ್ನು ನಾನು ಅವಳಿಗೆ ಕೊಟ್ಟೆನಲ್ಲ ಎಂದು ಒಂದೊಂದು ಸಲ ನನಗೆ ನಾನೇ ವಕಾಲತ್ತು ವಹಿಸಿಕೊಂಡದ್ದೂ ಉಂಟು.

ಚಳಿಗಾಲದ ಕೊನೆಗೆ ಒಂದು ಗುರುವಾರ ನಾನು ಶಾಲೆಯಿಂದ ಬಂದು ಅಡುಗೆಮನೆಯಲ್ಲಿ ಬ್ರೆಡ್ಡು ತಿನ್ನುತ್ತಿದ್ದೆ. ಅಜ್ಜಿ ಮೇಜಿನ ಹತ್ತಿರ ಆಲೂಗಡ್ಡೆ ಹೆರೆಯುತ್ತಿದ್ದಳು. ಆ ಹೊತ್ತಿಗೆ ಬರಬಾರದ ಅಪ್ಪನ ಕಾರು ಬಂತು, ಅಮ್ಮನೂ ಜೊತೆಗಿದ್ದಳು. ಮೈಸೂರಿನಿಂದ ಅತ್ತೆಯ ಯಜಮಾನರು ಆಸ್ಪತ್ರೆಗೇ ಫೋನು ಮಾಡಿದ್ದರು. ಅಪ್ಪ ಕೋಟು ಬಿಚ್ಚದೆ ಅಜ್ಜಿಯ ಕಾಲ ಹತ್ತಿರ ನೆಲದ ಮೇಲೆ ಕೂತರು.

"ಅಮ್ಮ, ಶೀನ ಹೋಗ್ಬಿಟ್ನಂತೆ ಕಣಮ್ಮ."

ಅಜ್ಜಿಯ ಕೈ ನಿಂತಿತು.

"ಎಲ್ಲಿ?"

"ಕಾಡಲ್ಲಿ. ಗುಂಡು ತಗುಲಿ..."

"ಕಾಡಲ್ಲಿ ತಾನೆ," ಎಂದಳು ಅಜ್ಜಿ. ಎದೆಯಲ್ಲಿ ಕಟ್ಟಿದ್ದ ಉಸಿರು ಬಿಟ್ಟಳು. "ಬಿದ್ದಿರ್ತಾನೆ. ವಾಸಿ ಆಗತ್ತೆ ಬಿಡು."

ಹಾಗೆಂದು ನನ್ನ ಕಡೆ ನೋಡಿ, ಈ ವಿಷಯ ನಮಗಿಬ್ಬರಿಗೇ ಗೊತ್ತಲ್ಲವೇ ಎನ್ನುವಂತೆ ತಲೆಯಾಡಿಸಿ, ಮತ್ತೆ ಆಲೂಗಡ್ಡೆ ಎತ್ತಿಕೊಂಡಳು. ಅವತ್ತೇ, ಅಲ್ಲಿಯೇ ನಾನು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು.

ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೆ ಉಟ್ಟ ಬಟ್ಟೆಯಲ್ಲೇ ತಲೆಗೆ ಸ್ನಾನ ಮಾಡುವುದು ನಮ್ಮಲ್ಲಿ ಪದ್ಧತಿ. ಅಲ್ಲಿಂದ ಸೂತಕ, ದೇವರನ್ನು ಮುಟ್ಟುವ ಹಾಗಿಲ್ಲ. ಅಪ್ಪ, ಅಮ್ಮ, ನಾನು ಸ್ನಾನ ಮಾಡಿದೆವು. ಅಮ್ಮ ಹಾಟ್ ಪ್ರೆಸ್ಸಿನ ಬಾಗಿಲು ಮುಚ್ಚಿದಳು. ಅಜ್ಜಿ ಬಚ್ಚಲ ಕಡೆ ತಿರುಗಿಯೂ ನೋಡಲಿಲ್ಲ.

"ಅಮ್ಮ, ಸ್ನಾನ ಮಾಡಮ್ಮ," ಎಂದು ಅಪ್ಪ ಎಷ್ಟು ಬೇಡಿಕೊಂಡರೂ ಒಂದೇ ಮಾತು:

"ಯಾರು ಸತ್ರು ಅಂತ ಮಾಡ್ಲಿ? ಶನಿವಾರ ಬರ್ಲಿ, ನೋಡೋಣ."

ಶುಕ್ರವಾರ ಬೆಳಿಗ್ಗೆ ಅವಳು ಹಾಟ್ ಪ್ರೆಸ್ಸು ತೆರೆದು ದೀಪ ಹಚ್ಚಿಬಿಟ್ಟಳು. ಸೂತಕದಲ್ಲಿ ದೀಪ! ಅಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು. ಸೋಮವಾರದ ವಿಮಾನಕ್ಕೆ ಅಜ್ಜಿಯನ್ನೂ ಕರೆದುಕೊಂಡು ಹೊರಡಬೇಕೆಂದು ಅಪ್ಪ ಓಡಾಡುತ್ತಿದ್ದರು. ತಮ್ಮನಿಗಾಗಿ ಅಳುವುದಕ್ಕೂ ಅವರ ತಾಯಿ ಬಿಡುತ್ತಿರಲಿಲ್ಲ. ಶನಿವಾರ ಬಂತು. ಅಜ್ಜಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಎಲ್ಲಿಗಮ್ಮ?"

"ಶೀನನ್ನ ನೋಡೋಕೆ. ನೀನೂ ಬಾ ಬೇಕಾದ್ರೆ. ಪುಟ್ಟಿ, ನಡಿ."

ಮೂವರೂ ಹೋದೆವು. ಅವತ್ತು ನಾನು ಹತ್ತು ಹೆಜ್ಜೆ ಮುಂದೆ ನಡೆಯಲಿಲ್ಲ, ಎಲ್ಲರಿಗಿಂತ ಹಿಂದಿದ್ದೆ. ಕಪಾಟಿನಲ್ಲಿ ಕಾರ್ಟೂನುಗಳೂ ಇದ್ದವು. ನನ್ನ ಕೈ ಅಭ್ಯಾಸದಂತೆ ಕಾಡಿನ ಡಬ್ಬವನ್ನೇ ತೆಗೆಯಿತು. ಅಪ್ಪ ಡಬ್ಬ ನೋಡಿದರು, ನನ್ನನ್ನು ನೋಡಿದರು, ದುಡ್ಡು ಕೊಟ್ಟರು. ಮನೆಗೆ ಬಂದು ಹಾಕಿದೆ. ಅಪ್ಪ, ಅಮ್ಮ ಸೋಫಾದಲ್ಲಿ, ಅಜ್ಜಿ ತನ್ನ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಸ್ವಲ್ಪ ಹೊತ್ತಿಗೆ ಬುಗುರಿ ಬಂದ, ಹೊಳೆಯಲ್ಲಿ ಗುಂಡು ತಗುಲಿ ಸುತ್ತಿ ಬಿದ್ದ. ಅಜ್ಜಿ ಕಾದಳು. ಇನ್ನೂ ಸ್ವಲ್ಪ ಹೊತ್ತಿಗೆ ಅವನೇ ಗೋಪುರದ ಮೇಲೆ ಕಾವಲು ನಿಂತಿದ್ದ.

"ನೋಡೋ! ನೋಡು!" ಅಜ್ಜಿ ಎದ್ದು ನಿಂತು ಗಾಜಿನ ಮೇಲೆ ಬೆರಳಿಟ್ಟಳು. "ಎಷ್ಟು ಸಲ ಬಿದ್ದಿದಾನೆ ಗೊತ್ತಾ ಇವ್ನು? ಪ್ರತಿ ಸಲ ವಾಸಿ ಮಾಡ್ತಾರೆ. ಶೀನನೂ ಹೀಗೇ ಬರ್ತಾನೆ. ನನ್ನ ಮಾತು ಬೇಡ, ಇವಳನ್ನ ಕೇಳು. ಹೇಳೇ ಪುಟ್ಟಿ, ನಿಮ್ಮಪ್ಪಂಗೆ ಹೇಳು."

ಅಪ್ಪ ನನ್ನ ಕಡೆ ತಿರುಗಿದರು. ಅವರ ಕಣ್ಣು ಕೆಂಪಾಗಿತ್ತು.

"ಪುಟ್ಟಿ, ಏನು ಹೇಳಿದೀಯೇ ಅಜ್ಜಿಗೆ?"

ಅಜ್ಜಿಯ ಎದುರಿಗೆ ಇಂಗ್ಲಿಷು ಆಡಕೂಡದು ಎಂಬ ನಿಯಮವನ್ನು ನಾನು ಮುರಿದದ್ದು ಆಗ. ಅವರನ್ನು ಅಪ್ಪ ಎಂದು ಕೂಡ ಕರೆಯಲಿಲ್ಲ.

"ಇಟ್ಸ್ ಓನ್ಲಿ ಎ ಫಿಲ್ಮ್, ಡ್ಯಾಡ್. ಐ ಟೋಲ್ಡ್ ಹರ್. ಶೀ ಡಸಂಟ್ ಅಂಡರ್‌ಸ್ಟ್ಯಾಂಡ್."

ಇಷ್ಟರಲ್ಲಿ ಅಜ್ಜಿಗೆ ಗೊತ್ತಿದ್ದ ಶಬ್ದ ಒಂದೇ.

"ಫಿಲಮ್ಮಾ?" ಎಂದಳು.

"ನಾನು ಮೊದ್ಲೇ ಹೇಳಿದ್ನಲ್ಲ ಅಜ್ಜಿ," ಎಂದೆ, ಕನ್ನಡದಲ್ಲಿ.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು, ಸುಳ್ಳು ಹೇಳ್ತಿದಾಳೆ ಎಂದರೆ ಸಾಕಿತ್ತು, ಅಪ್ಪ ನನ್ನನ್ನು ಹಿಡಿದು ಸತ್ಯ ಹೊರಡಿಸುತ್ತಿದ್ದರು. ಅವಳು ಹೇಳಲಿಲ್ಲ. ಕೋಟು ಬಿಚ್ಚಿ ಕುರ್ಚಿಯ ಮೇಲೆ ಮಡಿಸಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಬಚ್ಚಲ ಬಾಗಿಲು ಮುಚ್ಚಿತು. ತಂಬಿಗೆಯಿಂದ ಮೊಗೆದು ಮೊಗೆದು ತಲೆಗೆ ಸುರಿದುಕೊಳ್ಳುವ ಸದ್ದು, ನಡುವೆ ಒಂದು ಸಲ "ಶೀನಾ" ಎಂದ ಸದ್ದು. ಬೆಳಿಗ್ಗೆಯಿಂದ ಯಾರೂ ಇಮ್ಮರ್ಶನ್ ಹಾಕಿರಲಿಲ್ಲ. ಅದು ನನ್ನ ಕೆಲಸ, ಸ್ವಿಚ್ಚು ಆಫ್ ಆಗಿರುವುದು ನನಗೆ ಗೊತ್ತಿತ್ತು, ಹೊರಗೆ ಹುಲ್ಲಿನ ಮೇಲೆ ಇನ್ನೂ ಮಂಜುಗಡ್ಡೆ ಇತ್ತು. ಓಡಿ ಹೋಗಿ ಬಾಗಿಲು ತಟ್ಟಿ, ಅಜ್ಜಿ ಸ್ವಲ್ಪ ನಿಲ್ಲಿ ಎನ್ನಬಹುದಿತ್ತು. ಹೋದರೆ ಅವಳ ಮುಖ ನೋಡಬೇಕಾಗುತ್ತಿತ್ತು. ನಾನು ಕೂತೇ ಇದ್ದೆ. ನೀರು ಸುರಿಯುತ್ತಲೇ ಇತ್ತು. ಟೀವಿಯಲ್ಲಿ ಬುಗುರಿ ಗೋಪುರದಿಂದ ಬಿದ್ದ.

ಸಂಜೆ ಅಪ್ಪ ಅಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು.

"ಇದು ಬರೀ ದುಃಖ ಅಲ್ಲ ಕಣೇ. ಕನ್ಫ್ಯೂಶನ್ ಇದೆ. ಯಾವಾಗಿಂದ ಇದೆಯೋ, ನಾವು ನೋಡೇ ಇಲ್ಲ."

"ದೇವರನ್ನ ಹಾಟ್ ಪ್ರೆಸ್‌ನಲ್ಲಿ ಇಟ್ಟಾಗ್ಲೇ ನಂಗನ್ನಿಸ್ತು," ಎಂದಳು ಅಮ್ಮ.

ಹೀಗೆ ಎಲ್ಲವೂ ಸಾಕ್ಷಿಯಾಗತೊಡಗಿತು. ಚಪ್ಪಲಿಯೊಳಗಿನ ಸಾಕ್ಸು, ಫೋನಿನಲ್ಲಿ ಗ್ರ್ಯಾಂಡ್ ಎನ್ನುತ್ತಿದ್ದದ್ದು, ಸೂತಕದಲ್ಲಿ ದೀಪ ಹಚ್ಚಿದ್ದು. ಸೋಮವಾರ ಅಪ್ಪ ಅಜ್ಜಿಯನ್ನು ಮೈಸೂರಿಗೆ ಕರೆದೊಯ್ದರು, ಅಜ್ಜಿ ವಾಪಸು ಬರಲಿಲ್ಲ. ಆ ಸೋಮವಾರವೂ ನಾನು ಆಟದ ಬಯಲಿನಲ್ಲಿ ಕಥೆ ಹೇಳಿದೆ. ಕೈಯೆತ್ತಿ ಸುತ್ತಿ ಬಿದ್ದು ತೋರಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು.

ಮೈಸೂರಿನಲ್ಲಿ ಅಜ್ಜಿ ಇನ್ನೂ ಏಳು ವರ್ಷ ಇದ್ದಳು. ತಲೆ ಸರಿಯಿಲ್ಲ ಎಂದು ಅಪ್ಪ ಹೇಳಿ ಬಂದಿದ್ದರಿಂದ ಅತ್ತೆ ಅವಳನ್ನು ಒಲೆ ಮುಟ್ಟಲು ಬಿಡಲಿಲ್ಲ, ಒಬ್ಬಳೇ ದೇವಸ್ಥಾನಕ್ಕೆ ಕಳಿಸಲಿಲ್ಲ, ಯಾರಾದರೂ ಮನೆಗೆ ಬಂದರೆ ಒಳಗೆ ಕೂರಿಸುತ್ತಿದ್ದಳು. ಅತ್ತೆ ಕೆಟ್ಟವಳಲ್ಲ, ಡಾಕ್ಟರ್ ಅಣ್ಣನ ಮಾತು ಕೇಳಿದಳು ಅಷ್ಟೆ. ಒಂದು ಸಲ ಅತ್ತೆಯ ಕಾಗದದ ಕೊನೆಯಲ್ಲಿ ಅಜ್ಜಿ ದಪ್ಪ ಅಕ್ಷರಗಳಲ್ಲಿ ನನಗೆಂದು ಒಂದು ಸಾಲು ಬರೆದಿದ್ದಳು: ಪುಟ್ಟಿ, ಬುಗುರಿ ಕ್ಷೇಮವೇ? ಅಪ್ಪ ಅದನ್ನು ಅಮ್ಮನಿಗೆ ತೋರಿಸಿ, "ಪಾಪ, ಇನ್ನೂ ಅದೇ ಗುಂಗಲ್ಲಿದಾಳೆ," ಎಂದರು. ಅದನ್ನು ಓದಿದ ಕ್ಷಣ ನನಗೆ ಅರ್ಥವಾಯಿತು, ಅದು ಹುಚ್ಚಲ್ಲ. ಅಜ್ಜಿ ನನ್ನನ್ನು ಮಾತಾಡಿಸುತ್ತಿದ್ದಳು. ತಮಾಷೆ ಮಾಡುತ್ತಿದ್ದಳೋ, ಕ್ಷಮಿಸುತ್ತಿದ್ದಳೋ, ನೀನು ಬಾಯಿ ಬಿಡಬಹುದು ಎಂದು ದಾರಿ ತೋರಿಸುತ್ತಿದ್ದಳೋ ನನಗೆ ತಿಳಿಯದು. ನಾನು ಉತ್ತರ ಬರೆಯಲಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಅಪ್ಪ ನಿವೃತ್ತರಾಗಿ ಅದೇ ಮನೆಯಲ್ಲಿದ್ದಾರೆ. ಈಚೆಗೆ ಕೀಲಿಕೈ ಎಲ್ಲಿಟ್ಟೆ, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ತಡಕಾಡುತ್ತಾರೆ. ಅವರ ವಯಸ್ಸಿಗೆ ಅದು ಯಾರಿಗಾದರೂ ಆಗುವಂಥದು. ಆದರೆ ಅವರು ಬಹಳ ಹೆದರಿದ್ದರು. ನಿದ್ದೆ ಬಿಟ್ಟಿದ್ದರು. ನಮ್ಮಮ್ಮನಿಗೆ ಇದೇ ಶುರುವಾಗಿತ್ತು, ನನಗೂ ಬಂತು ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಹೋದ ತಿಂಗಳು ಅವರನ್ನು ಮೆಮೊರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಐರಿಷ್ ಡಾಕ್ಟರು ಏನೇನೋ ಕೇಳಿ, ಕೊನೆಗೆ ಮನೆತನದಲ್ಲಿ ಯಾರಿಗಾದರೂ ಮರೆವಿನ ಕಾಯಿಲೆ ಇತ್ತೇ ಎಂದು ಕೇಳಿದಳು.

"ಮೈ ಮದರ್," ಎಂದರು ಅಪ್ಪ. "ಅರ್ಲಿ ಸಿಕ್ಸ್‌ಟೀಸ್."

ಆಕೆ ಟೈಪು ಮಾಡತೊಡಗಿದಳು. ಕೀಲಿಗಳ ಸದ್ದು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ. ಆಕೆಗೆ ತಿಳಿಯದಿರಲಿ ಎಂದು, ಈ ಸಲ ಕನ್ನಡದಲ್ಲಿ ಹೇಳಿದೆ.

"ಅಪ್ಪ, ಅಜ್ಜಿಗೆ ಏನೂ ಆಗಿರ್ಲಿಲ್ಲ. ಆ ವಿಡಿಯೋ ಎಲ್ಲ ಚಿಕ್ಕಪ್ಪ ಇದ್ದ ಕಾಡೇ ಅಂತ ನಾನೇ ಹೇಳಿದ್ದೆ. ಬಿದ್ದೋರು ಯಾರೂ ಸಾಯಲ್ಲ ಅಂತ್ಲೂ ನಾನೇ ಹೇಳಿದ್ದು. ಅವ್ರು ನನ್ನ ನಂಬಿದ್ರು, ಅಷ್ಟೆ. ಅವತ್ತು ನಿಮ್ಮ ಹತ್ರ ಸುಳ್ಳು ಹೇಳ್ದೆ."

ಅಪ್ಪ ನನ್ನ ಕಡೆ ನೋಡಲಿಲ್ಲ. ಮಂಡಿಯ ಮೇಲಿದ್ದ ಟೋಪಿಯನ್ನು ಎರಡು ಸಲ ತಿರುಗಿಸಿದರು. ಆಮೇಲೆ ಆ ಹುಡುಗಿಯ ಕಡೆ ತಿರುಗಿ, ರೌಂಡ್ಸಿನಲ್ಲಿ ಕಿರಿಯ ಡಾಕ್ಟರರನ್ನು ತಿದ್ದುವ ದನಿಯಲ್ಲಿ ಹೇಳಿದರು:

"ಸಾರಿ, ಡಾಕ್ಟರ್. ಟೇಕ್ ದಟ್ ಔಟ್. ನೋ ಫ್ಯಾಮಿಲಿ ಹಿಸ್ಟರಿ. ಮೈ ಮದರ್ ವಾಸ್ ಗ್ರ್ಯಾಂಡ್."

ಕಾರಿನಲ್ಲಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಬಾಯ್ನ್ ನದಿಯ ಸೇತುವೆ ದಾಟಿ, ಒಂದು ಕಾಲದಲ್ಲಿ ನೋರಾಳ ಅಂಗಡಿಯಿದ್ದ ತಿರುವು ದಾಟಿ, ನಮ್ಮ ಬೀದಿಗೆ ಬಂದೆವು. ಮನೆಯ ಮುಂದೆ ಕಾರು ನಿಲ್ಲಿಸಿದೆ. ಬೆಲ್ಟು ಬಿಚ್ಚಿದರು, ಇಳಿಯಲಿಲ್ಲ. ಮಹಡಿಯ ಬಚ್ಚಲ ಕಿಟಕಿಯ ಕಡೆ ನೋಡುತ್ತ ಕೇಳಿದರು:

"ತಣ್ಣೀರಲ್ಲಿ ಮಾಡಿದ್ಲು ಅವತ್ತು. ಅಮ್ಮನ ಇಮ್ಮರ್ಶನ್ ನೀನೇ ತಾನೆ ಹಾಕ್ತಿದ್ದಿದ್ದು? ಯಾಕೆ ಹಾಕಲಿಲ್ಲ?"

ಅಪ್ಪನ ನೆನಪಿಗೆ ಏನೂ ಆಗಿಲ್ಲ. ನಾನು ಸ್ಟೀರಿಂಗ್ ಹಿಡಿದುಕೊಂಡು ಕೂತೇ ಇದ್ದೆ.